ಪಾಲೆಖ್: ದೇವರ ಪಟದ ಊರು

ಮಾಸ್ಕೋದ ಈಶಾನ್ಯಕ್ಕೆ, ನೇಯ್ಗೆ ಗಿರಣಿಗಳ ಪಟ್ಟಣವಾದ ಇವಾನೊವೊದಿಂದ ಸುಮಾರು 65 ಕಿ.ಮೀ. ದೂರದಲ್ಲಿ ಪಾಲೆಖ್ ಎಂಬ ಸಣ್ಣ ಊರಿದೆ. ಇಲ್ಲಿಗೆ ರೈಲಿಲ್ಲ. ಹತ್ತಿರದ ಶೂಯಾ ಪಟ್ಟಣದಿಂದ ರಸ್ತೆ ಹಿಡಿದು ಬರುವವರಿಗೆ 1774ರಲ್ಲಿ ಕಟ್ಟಿ ಮುಗಿಸಿದ ಹೋಲಿ ಕ್ರಾಸ್ ಚರ್ಚಿನ ಗೋಪುರಗಳು ಎದ್ದು ಕಾಣುತ್ತವೆ.

ಇಲ್ಲಿನ ನೆಲ ಬಡವಾದದ್ದು, ಚಳಿಗಾಲ ದೀರ್ಘ. ಬೇಸಾಯವೊಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ಜಮೀನ್ದಾರರ ಜೀತದಲ್ಲಿದ್ದ ರೈತರು ಕುಂಚ ಹಿಡಿದು ಐಕಾನ್, ಅಂದರೆ ಮರದ ಹಲಗೆಯ ಮೇಲೆ ಯೇಸು, ಮೇರಿ ಮತ್ತು ಸಂತರ ಪಟಗಳನ್ನು ಬರೆಯತೊಡಗಿದರು. ಕೆಲಸ ಹಂಚಿಕೊಂಡೇ ನಡೆಯುತ್ತಿತ್ತು: ಮುಖ ಬರೆಯುವವನು ಒಬ್ಬ, ಉಡುಪು ಮತ್ತು ಬೆಟ್ಟಗುಡ್ಡ ಬರೆಯುವವನು ಇನ್ನೊಬ್ಬ. ಪಕ್ಕದ ಖೊಲೂಯ್‌ನಲ್ಲಿ ಬಡವರ ಮನೆಗೆಂದು ಅಗ್ಗದ ಪಟಗಳು ರಾಶಿರಾಶಿಯಾಗಿ ತಯಾರಾಗುತ್ತಿದ್ದರೆ, ಪಾಲೆಖ್ ಹೆಸರಾದದ್ದು ಕೂದಲೆಳೆಯಷ್ಟು ಸಣ್ಣ ಗೆರೆಗಳ ನಾಜೂಕು ಕೆಲಸಕ್ಕೆ. 1882ರಲ್ಲಿ ಕ್ರೆಮ್ಲಿನ್ ಅರಮನೆಯ ದರ್ಬಾರು ಸಭಾಂಗಣದ ಗೋಡೆಗಳಿಗೆ ಚಿತ್ರ ಬರೆದವರೂ ಈ ಊರಿನ ಬೆಲೊಉಸೊವ್ ಸೋದರರೇ.

1917ರ ಕ್ರಾಂತಿಯ ನಂತರ ದೇವರ ಪಟ ಕೊಳ್ಳುವವರಿಲ್ಲದಾಯಿತು. ಕೆಲವರು ಮರದ ಸೌಟುಗಳಿಗೆ ಬಣ್ಣ ಬಳಿದರು, ಕೆಲವರು ನಾಟಕದ ಪರದೆ ಬರೆದರು. ದಾರಿ ತೋರಿಸಿದವನು ಊರಿನ ಐಕಾನ್ ಚಿತ್ರಕಾರ ಇವಾನ್ ಗೋಲಿಕೊವ್. ಮಾಸ್ಕೋ ಬಳಿಯ ಫೆದೊಸ್ಕಿನೊ ಹಳ್ಳಿಯಲ್ಲಿ ಕಾಗದರಟ್ಟಿನಿಂದ ಮಾಡಿ ಚಿತ್ರ ಬರೆಯುತ್ತಿದ್ದ ಕರಿ ಡಬ್ಬಿಗಳನ್ನು ನೋಡಿದ ಆತ, ಫೋಟೋ ತೊಳೆಯುವ ಕಾಗದರಟ್ಟಿನ ತಟ್ಟೆಯ ತಳ ಕತ್ತರಿಸಿ ಅದರ ಮೇಲೇ ಚಿತ್ರ ಬರೆದನೆಂದು ಹೇಳುತ್ತಾರೆ. ಇಂಥ ಡಬ್ಬಿಗಳಿಗೆ ಚಿತ್ರ ಬರೆಯಲು 1924ರ ಡಿಸೆಂಬರ್‌ನಲ್ಲಿ ಏಳು ಮಂದಿ ಚಿತ್ರಕಾರರು ಸೇರಿ ಸಹಕಾರಿ ಸಂಘ ಕಟ್ಟಿದರು. ಮರುವರ್ಷವೇ ಅವರ ಡಬ್ಬಿಗಳು ಪ್ಯಾರಿಸ್ ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿದವು.

ಬದಲಾದದ್ದು ವಸ್ತು ಮಾತ್ರ, ಕೈ ಹಳೆಯದೇ. ರಟ್ಟಿನ ಪದರಗಳನ್ನು ಹಿಟ್ಟಿನ ಅಂಟಿನಿಂದ ಕೂಡಿಸಿ, ಒತ್ತಿ, ಒಣಗಿಸಿ, ಅಗಸೆ ಎಣ್ಣೆಯಲ್ಲಿ ನೆನೆಸಿ ಒಲೆಯಲ್ಲಿ ಕಾಯಿಸಿದರೆ ಡಬ್ಬಿ ಮರದಷ್ಟು ಗಟ್ಟಿಯಾಗುತ್ತದೆ. ಹೊರಗೆ ಕಪ್ಪು, ಒಳಗೆ ಕೆಂಪು. ಬಣ್ಣ ಕಲಸುವುದು ಐಕಾನಿಗೆ ಕಲಸುತ್ತಿದ್ದಂತೆಯೇ ಮೊಟ್ಟೆಯ ಹಳದಿಯಲ್ಲಿ. ಚಿನ್ನದ ರೇಕನ್ನು ಗೋಂದಿನೊಡನೆ ಬೆರಳಿನಿಂದಲೇ ಅರೆದು, ಅದರಿಂದ ಗೆರೆ ಎಳೆದು, ತೋಳದ ಹಲ್ಲಿನಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಕೊನೆಗೆ ಹಲವು ಸಲ ಮೆರುಗೆಣ್ಣೆ ಬಳಿದು ಉಜ್ಜುತ್ತಾರೆ.

ಸಂತರು ನಿಲ್ಲುತ್ತಿದ್ದ ಜಾಗಕ್ಕೆ ಮೂರು ಕುದುರೆಗಳ ತ್ರೋಯ್ಕಾ ಗಾಡಿ, ಜನಪದ ಕಥೆಯ ಬೆಂಕಿಹಕ್ಕಿ, ಕವಿ ಪುಷ್ಕಿನ್ನನ ಕಥೆಗಳು ಬಂದವು. ಸರ್ಕಾರದ ಒತ್ತಾಯಕ್ಕೆ ಟ್ರ್ಯಾಕ್ಟರುಗಳೂ ಬಂದವು. ಕಲೆಗೆ ಒಗ್ಗಿದ್ದು ಕಥೆಗಳೇ; ಟ್ರ್ಯಾಕ್ಟರಿಗೆ ಚಿನ್ನದ ಗೆರೆ ಹೊಂದಲಿಲ್ಲ. 1935ರಲ್ಲಿ ಊರಿಗೊಂದು ಮ್ಯೂಸಿಯಂ ಬಂತು. ಆದರೆ ದೇಶದಲ್ಲೆಲ್ಲ ಸಾಮೂಹಿಕ ಬಂಧನಗಳು ನಡೆದ ಭಯದ ಆ ವರ್ಷಗಳು ಇಲ್ಲಿನವರನ್ನೂ ಬಿಡಲಿಲ್ಲ: ಸಂಘದ ಮುಖ್ಯಸ್ಥ ಅಲೆಕ್ಸಾಂದರ್ ಜುಬ್‌ಕೊವ್ ಬಂಧನಕ್ಕೊಳಗಾದ.

ಸೋವಿಯತ್ ಒಕ್ಕೂಟ ಮುರಿಯುವ ಹೊತ್ತಿಗೆ ಚಿತ್ರಕಾರರು ಸಣ್ಣ ಸಣ್ಣ ಕಾರ್ಯಾಗಾರಗಳಾಗಿ ಹಂಚಿಹೋದರು, ನಕಲಿ ಡಬ್ಬಿಗಳು ಮಾರುಕಟ್ಟೆ ತುಂಬಿದವು. ಇತ್ತ ಮತ್ತೆ ತೆರೆದ ಚರ್ಚುಗಳಿಂದ ಐಕಾನಿಗೂ ಗೋಡೆಚಿತ್ರಕ್ಕೂ ಬೇಡಿಕೆ ಬರತೊಡಗಿತು. ಈಗ ಪಾಲೆಖ್‌ನ ಚಿತ್ರಕಾರರು ಎರಡೂ ಕೆಲಸ ಮಾಡುತ್ತಾರೆ.