ಗೋಡೆ ಹತ್ತುವ ಬೆರಳುಗಳು

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಚಿಕ್ಕಮ್ಮ ದಿನಾ ಅಡುಗೆಮನೆಯ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುತ್ತಿದ್ದರು. ಕೈ ಎಟುಕಿದಲ್ಲಿ ಒಂದು ಪೆನ್ಸಿಲ್ ಗೀಟು. ಇಂಥ ವ್ಯಾಯಾಮಗಳ ಚರಿತ್ರೆ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ ಹೆಸರು ನ್ಯೂಯಾರ್ಕಿನ ಟೆರೀಸ್ ಲ್ಯಾಸರ್.

1952ರಲ್ಲಿ ಅವರಿಗೂ ಇದೇ ಶಸ್ತ್ರಚಿಕಿತ್ಸೆಯಾಯಿತು. ಆಗ ರೂಢಿಯಲ್ಲಿದ್ದದ್ದು ಹಾಲ್‌ಸ್ಟೆಡ್ ಪದ್ಧತಿ: ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುವುದು. ಗಾಯವೇನೋ ಮಾಯುತ್ತಿತ್ತು; ಆದರೆ ಭುಜ ಬಿಗಿಯುತ್ತಿತ್ತು, ಎಷ್ಟೋ ಜನರಿಗೆ ಕೈ ಊದುತ್ತಿತ್ತು. ಕೈ ಎತ್ತಬಹುದೇ, ಯಾವ ಬಟ್ಟೆ ತೊಡಬೇಕು ಎಂದು ಹೇಳುವವರು ವಿರಳ. ಲ್ಯಾಸರ್ ತಾವೇ ಕಲಿತರು, ಕಲಿತದ್ದನ್ನು ಇತರರ ಹಾಸಿಗೆಯ ಬಳಿಗೆ ಒಯ್ದರು. ಹಿಸುಕಲು ರಬ್ಬರ್ ಚೆಂಡು, ಎಳೆಯಲು ಹಗ್ಗ, ತಾತ್ಕಾಲಿಕ ಕೃತಕ ಸ್ತನ, ಒಂದು ಕೈಪಿಡಿ. ರೋಗಿಯೊಬ್ಬಳು ಪಾಠ ಹೇಳುವುದು ಕೆಲವು ವೈದ್ಯರಿಗೆ ಹಿಡಿಸಲಿಲ್ಲ. ಆದರೂ ಅವರ ‘ರೀಚ್ ಟು ರಿಕವರಿ’ಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ವಹಿಸಿಕೊಂಡಿತು.

ಆ ಕೃತಕ ಸ್ತನದ ಬಗ್ಗೆ ಮಾತ್ರ ನನಗೆ ತಕರಾರಿದೆ. 1978ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಕವಿ ಆಡ್ರಿ ಲಾರ್ಡ್ ಅದನ್ನು ಒಲ್ಲೆನೆಂದರು. ಇದ್ದದ್ದನ್ನು ಮರೆಮಾಚುವುದೇಕೆ ಎಂಬುದು ಅವರ ಪ್ರಶ್ನೆ.

ಚಿಕ್ಕಮ್ಮನಿಗೆ ಆ ಗೊಡವೆಯೇ ಇರಲಿಲ್ಲ. ಅವರ ಕಣ್ಣಿದ್ದದ್ದು ಮೇಲಿನ ಗೂಡಿನ ಕಾಫಿಪುಡಿ ಡಬ್ಬಿಯ ಮೇಲೆ. ಏಳನೆಯ ವಾರ ಅದು ಕೈಗೆಟುಕಿತು.