ದಡಾರ ಮತ್ತು ‘ಎ’ ಜೀವಸತ್ವ

ದಡಾರಕ್ಕೆ ತುತ್ತಾದ ಮಕ್ಕಳಿಗೆ ‘ಎ’ ಜೀವಸತ್ವವನ್ನು ಹೆಚ್ಚಿನ ಪ್ರಮಾಣದಲ್ಲಿ ನೀಡುವ ಚಿಕಿತ್ಸೆಯು, ವೈರಾಣು ಸೋಂಕಿನಲ್ಲಿ ಜೀವಸತ್ವ ಪೂರಕದ ಉಪಯುಕ್ತತೆ ಸಿದ್ಧಪಟ್ಟಿರುವ ಅಪರೂಪದ ನಿದರ್ಶನವಾಗಿದೆ. ಇದು ದಡಾರ ಬಾರದಂತೆ ತಡೆಯುವುದಿಲ್ಲ. ರೋಗ ಬಂದ ಮಗುವಿನ ಕಣ್ಣನ್ನೂ ಪ್ರಾಣವನ್ನೂ ಉಳಿಸಲು ನೆರವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ದಡಾರಕ್ಕೆ ‘ಗೊಬ್ಬರ’ ಎಂಬ ಹೆಸರೂ ಉಂಟು. ಹಳೆಯ ಪಠ್ಯಪುಸ್ತಕಗಳಲ್ಲಿ ಜೀವಸತ್ವವನ್ನು ‘ಅನ್ನಾಂಗ’ ಎಂದು ಕರೆಯಲಾಗುತ್ತಿತ್ತು.

ಕಾರಣ

ಕಣ್ಣು, ಶ್ವಾಸನಾಳ ಹಾಗೂ ಕರುಳಿನ ಒಳಪದರವನ್ನು ಆರೋಗ್ಯವಾಗಿಡಲು ‘ಎ’ ಜೀವಸತ್ವ ಅವಶ್ಯಕ. ದಡಾರದ ವೈರಾಣು ಇದೇ ಪದರಗಳನ್ನು ಹಾಳುಗೆಡಹುವುದಲ್ಲದೆ ರಕ್ತದಲ್ಲಿನ ಈ ಸತ್ವದ ಮಟ್ಟವನ್ನೂ ಕುಗ್ಗಿಸುತ್ತದೆ. ಮೊದಲೇ ಇರುಳುಗಣ್ಣಿನ ಅಂಚಿನಲ್ಲಿರುವ ಮಗುವಿಗೆ ದಡಾರ ಬಂದರೆ ನ್ಯುಮೋನಿಯ, ಭೇದಿ, ಕೊನೆಗೆ ಕುರುಡುತನವೂ ಉಂಟಾಗಬಹುದು.

ಪ್ರಯೋಗಗಳು

1932ರಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಎಲಿಸನ್ ದಡಾರ ಬಂದಿದ್ದ 600 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಈ ಜೀವಸತ್ವವನ್ನು ನೀಡಿದನು. ಪಡೆದವರಲ್ಲಿ 11, ಪಡೆಯದವರಲ್ಲಿ 26 ಮಕ್ಕಳು ತೀರಿಕೊಂಡರು. ಆಶ್ಚರ್ಯವೆಂದರೆ, ಈ ಫಲಿತಾಂಶವನ್ನು ಅರ್ಧ ಶತಮಾನದವರೆಗೆ ಹೆಚ್ಚಿನವರು ಗಮನಿಸಲೇ ಇಲ್ಲ. 1990ರಲ್ಲಿ ಪ್ರಕಟವಾದ ಕೇಪ್‌ಟೌನ್ ಅಧ್ಯಯನದಲ್ಲಿ ಆಸ್ಪತ್ರೆಗೆ ದಾಖಲಾದ 189 ಮಕ್ಕಳ ಪೈಕಿ 12 ಮಂದಿ ಮರಣಹೊಂದಿದರು. ಅವರಲ್ಲಿ 10 ಮಂದಿ ಜೀವಸತ್ವ ಪಡೆಯದವರು.

ಆರೋಗ್ಯವಂತ ಮಕ್ಕಳಿಗೆಲ್ಲ ಇದನ್ನು ಹಂಚುವುದರ ಫಲದ ಬಗ್ಗೆ ಮಾತ್ರ ಒಮ್ಮತವಿಲ್ಲ. 1990ರಲ್ಲೇ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ತಮಿಳುನಾಡಿನದು ಮಕ್ಕಳ ಮರಣ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದರೆ, ಹೈದರಾಬಾದಿನ ಸುತ್ತಲಿನದು ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದಿತು.

ಪ್ರಮಾಣ

ದಡಾರ ಬಂದಾಗ 6 ತಿಂಗಳೊಳಗಿನ ಶಿಶುವಿಗೆ 50,000, 6ರಿಂದ 11 ತಿಂಗಳವರಿಗೆ 1 ಲಕ್ಷ, ವರ್ಷ ತುಂಬಿದವರಿಗೆ 2 ಲಕ್ಷ ಅಂತಾರಾಷ್ಟ್ರೀಯ ಮಾನಗಳಂತೆ ಸತತ ಎರಡು ದಿನ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಕೊಡಬೇಕು. ಈ ಸತ್ವ ಯಕೃತ್ತಿನಲ್ಲಿ ಶೇಖರಗೊಳ್ಳುವುದರಿಂದ ಮಿತಿಮೀರಿದರೆ ತಲೆನೋವು, ವಾಂತಿ, ಯಕೃತ್ತಿನ ಹಾನಿ ಉಂಟಾಗುತ್ತವೆ. ಗರ್ಭಿಣಿಯರಿಗೆ ಹೆಚ್ಚಿನ ಪ್ರಮಾಣ ಸಲ್ಲದು. 2025ರ ದಡಾರದ ಹಾವಳಿಯಲ್ಲಿ ಅಮೆರಿಕದ ಟೆಕ್ಸಾಸಿನ ಕೆಲವು ಮಕ್ಕಳಲ್ಲಿ ಇಂಥ ವಿಷಲಕ್ಷಣಗಳು ಕಂಡುಬಂದವು.

ರಾಯಚೂರು ಜಿಲ್ಲೆಯಲ್ಲಿ

ಭಾರತದಲ್ಲಿ ‘ಎ’ ಜೀವಸತ್ವ ವಿತರಣೆ 1970ರಲ್ಲಿ ಕುರುಡುತನ ತಡೆಯುವ ಉದ್ದೇಶದಿಂದ ಆರಂಭವಾಯಿತು. 9 ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯೊಡನೆ 1 ಲಕ್ಷ ಮಾನ, ಅನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಮಾನ, ಒಟ್ಟು 9 ಬಾರಿ ನೀಡಲಾಗುತ್ತದೆ. ರಾಯಚೂರು ನಗರ, ದೇವದುರ್ಗ, ಮಾನ್ವಿಗಳಲ್ಲೂ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಈ ಕೆಲಸ ನಡೆಯುತ್ತದೆ. ದೇವದುರ್ಗ, ಮಾನ್ವಿ ಕಡೆಯ ಕೂಲಿಕಾರ ಕುಟುಂಬಗಳು ಬೆಂಗಳೂರು ಮೊದಲಾದೆಡೆಗೆ ಗುಳೆ ಹೋದಾಗ ಈ ಸರಣಿ ಕಡಿದುಹೋಗುವ ಸಂಭವ ಹೆಚ್ಚು. ತಾಯಿ ಕಾರ್ಡನ್ನು ಜೊತೆಗೊಯ್ದು ಹೋದ ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಉಳಿದ ಲಸಿಕೆಯನ್ನು ಅಲ್ಲಿಯೇ ಪಡೆಯಬಹುದು. ಮನೆಯ ಊಟದಲ್ಲಿ ನುಗ್ಗೆಸೊಪ್ಪು, ಮೆಂತ್ಯಸೊಪ್ಪು, ಪಪ್ಪಾಯಿ, ಮಾವು ಈ ಸತ್ವದ ಸುಲಭ ಮೂಲಗಳು. ಬರಿಯ ಜೋಳದ ರೊಟ್ಟಿಯಲ್ಲಿ ಅದು ಅತ್ಯಲ್ಪ.

ಇತರ ಜೀವಸತ್ವಗಳು

‘ಸಿ’ ಜೀವಸತ್ವ ನೆಗಡಿಯನ್ನು ತಡೆಯುತ್ತದೆಂದು ಲೈನಸ್ ಪೌಲಿಂಗ್ 1970ರಲ್ಲಿ ವಾದಿಸಿದ್ದನು. ನಂತರದ ಪರೀಕ್ಷೆಗಳು ಇದನ್ನು ಸಾಮಾನ್ಯ ಜನರ ವಿಷಯದಲ್ಲಿ ಸಮರ್ಥಿಸಲಿಲ್ಲ. ನಿತ್ಯ ಸೇವಿಸುವವರಲ್ಲಿ ನೆಗಡಿಯ ಅವಧಿ ತುಸು ಕಡಿಮೆಯಾಗುತ್ತದೆ, ಅಷ್ಟೆ. ಕೋವಿಡ್ ಕಾಲದಲ್ಲಿ ಇದೇ ಮಾತ್ರೆಗಳು ಧಾರಾಳವಾಗಿ ಮಾರಾಟವಾದವು. ದಡಾರವನ್ನು ತಡೆಯುವುದು ಲಸಿಕೆ ಮಾತ್ರ. ಅದರ ಎರಡನೆಯ ಸೂಜಿಯನ್ನು 16ರಿಂದ 24 ತಿಂಗಳ ನಡುವೆ ಹಾಕಿಸಬೇಕು.