ಪ್ರೋಟೀನ್ ಗಂಟುಗಟ್ಟುವಿಕೆಯ ಅಧ್ಯಯನದಲ್ಲಿ ನ್ಯಾನೋರಂಧ್ರ ಸಂವೇದಕಗಳ ಬಳಕೆ: ಸಾರ್ವಜನಿಕ ಮಾಹಿತಿ

1. ಪೀಠಿಕೆ
ದೇಹದಲ್ಲಿನ ಪ್ರೋಟೀನ್‌ಗಳು ಕೆಲವು ಸಂದರ್ಭಗಳಲ್ಲಿ ಪರಸ್ಪರ ಅಂಟಿಕೊಂಡು, ಮೊದಲು ಸಣ್ಣ ಗುಂಪುಗಳಾಗಿ, ಅನಂತರ ಉದ್ದನೆಯ ಎಳೆಗಳಾಗಿ ಬೆಳೆಯುತ್ತವೆ. ಇದನ್ನು ಪ್ರೋಟೀನ್ ಗಂಟುಗಟ್ಟುವಿಕೆ ಎನ್ನಬಹುದು. ಆಲ್‌ಝೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್-ಬೀಟಾ ಮತ್ತು ಟೌ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನ್‌ಗಳು ಈ ರೀತಿ ಗಂಟುಗಟ್ಟಿರುವುದು ಕಂಡುಬರುತ್ತದೆ.

2. ಅಧ್ಯಯನದ ಅವಶ್ಯಕತೆ
ಪೂರ್ಣ ಬೆಳೆದ ಎಳೆಗಳಿಗಿಂತ ಆರಂಭದ ಸಣ್ಣ ಗುಂಪುಗಳೇ ನರಕೋಶಗಳಿಗೆ ಹೆಚ್ಚು ಹಾನಿಕರವೆಂದು ಅನೇಕ ಸಂಶೋಧನೆಗಳು ಸೂಚಿಸಿವೆ. ಇವು ಅಲ್ಪ ಪ್ರಮಾಣದಲ್ಲಿದ್ದು, ಗಾತ್ರದಲ್ಲಿ ಭಿನ್ನವಾಗಿರುತ್ತವೆ. ಥಯೋಫ್ಲೇವಿನ್-ಟಿ ಎಂಬ ಬಣ್ಣವನ್ನು ಸೇರಿಸಿ ಹೊಳಪನ್ನು ಅಳೆಯುವ ರೂಢಿಯ ವಿಧಾನವು ಮುಖ್ಯವಾಗಿ ಎಳೆಗಳನ್ನು ಗುರುತಿಸುತ್ತದೆ ಹಾಗೂ ಇಡೀ ದ್ರಾವಣದ ಒಟ್ಟು ಲೆಕ್ಕವನ್ನು ಮಾತ್ರ ನೀಡುತ್ತದೆ. ಖಾತೆಯ ಒಟ್ಟು ಮೊತ್ತ ತಿಳಿದರೂ ಬಿಡಿ ಬಾಬುಗಳು ತಿಳಿಯದಂತೆ, ಸಣ್ಣ ಗುಂಪುಗಳು ಇದರಲ್ಲಿ ಮರೆಯಾಗುತ್ತವೆ. ಆದ್ದರಿಂದ ಕಣಗಳನ್ನು ಒಂದೊಂದಾಗಿ ಪರಿಶೀಲಿಸುವ ವಿಧಾನ ಅವಶ್ಯವಾಗಿದೆ.

3. ಕಾರ್ಯವಿಧಾನ
ಅ) ಸಿಲಿಕಾನ್ ನೈಟ್ರೈಡ್‌ನಂತಹ ತೆಳುಪೊರೆಯಲ್ಲಿ ಕೆಲವು ನ್ಯಾನೋಮೀಟರ್‌ಗಳಿಂದ ಕೆಲವು ಹತ್ತು ನ್ಯಾನೋಮೀಟರ್‌ಗಳಷ್ಟು ಅಗಲದ ರಂಧ್ರವನ್ನು ಕೊರೆಯಲಾಗುತ್ತದೆ. 1 ನ್ಯಾನೋಮೀಟರ್ ಎಂದರೆ 1 ಮಿಲಿಮೀಟರಿನ 10 ಲಕ್ಷದ ಒಂದು ಭಾಗ.
ಆ) ಪೊರೆಯ ಎರಡೂ ಬದಿಗಳಲ್ಲಿ ಉಪ್ಪಿನ ದ್ರಾವಣವನ್ನು ತುಂಬಿ ವೋಲ್ಟೇಜ್ ನೀಡಿದಾಗ, ರಂಧ್ರದ ಮೂಲಕ ಸ್ಥಿರವಾದ ವಿದ್ಯುತ್ ಪ್ರವಾಹ ಉಂಟಾಗುತ್ತದೆ.
ಇ) ಪ್ರೋಟೀನ್ ಕಣವು ರಂಧ್ರವನ್ನು ಹಾದುಹೋಗುವಾಗ ಪ್ರವಾಹವು ಕ್ಷಣಕಾಲ ಕುಗ್ಗುತ್ತದೆ. ಕುಗ್ಗಿದ ಪ್ರಮಾಣದಿಂದ ಕಣದ ಗಾತ್ರವನ್ನೂ, ಕುಗ್ಗಿದ ಅವಧಿಯಿಂದ ಅದರ ಚಲನೆಯನ್ನೂ ಅಂದಾಜಿಸಲಾಗುತ್ತದೆ.
ಈ) ಒಂದೇ ಮಾದರಿಯನ್ನು ಬೇರೆ ಬೇರೆ ಸಮಯಗಳಲ್ಲಿ ಪರೀಕ್ಷಿಸಿ, ಗುಂಪುಗಳು ಬೆಳೆಯುವ ಕ್ರಮವನ್ನು ದಾಖಲಿಸಲಾಗುತ್ತದೆ.

4. ಬೆಳವಣಿಗೆಯ ಹಂತಗಳು
ಇದೇ ತತ್ವದ ಮೇಲೆ ರಕ್ತಕಣಗಳನ್ನು ಎಣಿಸುವ ವಿಧಾನಕ್ಕೆ ಅಮೆರಿಕದ ವ್ಯಾಲೇಸ್ ಕೌಲ್ಟರ್ ಅವರು 1953ರಲ್ಲಿ ಪೇಟೆಂಟ್ ಪಡೆದರು. 1996ರಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನ್ ರಂಧ್ರವೊಂದರ ಮೂಲಕ ಡಿಎನ್‌ಎ ಎಳೆಗಳನ್ನು ಹಾಯಿಸಿ ಗುರುತಿಸಲಾಯಿತು. ಅಮೈಲಾಯ್ಡ್ ಕಣಗಳು ರಂಧ್ರದ ಗೋಡೆಗೆ ಅಂಟಿಕೊಂಡು ದಾರಿಯನ್ನೇ ಮುಚ್ಚುವುದು ದೊಡ್ಡ ತೊಡಕಾಗಿತ್ತು. 2011ರಲ್ಲಿ ಮೈಕೆಲ್ ಮೇಯರ್ ಅವರ ತಂಡವು ಕೀಟಗಳ ಘ್ರಾಣಾಂಗದ ಸೂಕ್ಷ್ಮ ರಂಧ್ರಗಳ ಮಾದರಿಯಲ್ಲಿ, ಗೋಡೆಗೆ ಜಿಡ್ಡಿನ ದ್ರವಪದರವನ್ನು ಲೇಪಿಸಿ ಈ ತೊಡಕನ್ನು ನಿವಾರಿಸಿತು.

5. ಮಿತಿಗಳು
ಸಣ್ಣ ಕಣಗಳು ಅತಿವೇಗವಾಗಿ ಹಾದುಹೋಗುವುದರಿಂದ ಕೆಲವು ದಾಖಲಾಗದೆ ಉಳಿಯಬಹುದು. ದುಂಡನೆಯ ಮತ್ತು ಉದ್ದನೆಯ ಕಣಗಳ ಸಂಕೇತಗಳು ಒಂದನ್ನೊಂದು ಹೋಲಬಹುದು. ರಕ್ತದಂತಹ ಮಿಶ್ರ ಮಾದರಿಗಳಲ್ಲಿ ಇತರ ಪ್ರೋಟೀನ್‌ಗಳಿಂದ ಗೊಂದಲ ಉಂಟಾಗುತ್ತದೆ.

6. ಸಾರ್ವಜನಿಕರ ಗಮನಕ್ಕೆ
ಸದರಿ ವಿಧಾನವು ಸಂಶೋಧನಾಲಯದ ಸಾಧನವಾಗಿದ್ದು, ಆಸ್ಪತ್ರೆಗಳಲ್ಲಿ ವಾಡಿಕೆಯ ರೋಗಪತ್ತೆ ಪರೀಕ್ಷೆಯಾಗಿ ಬಳಕೆಯಲ್ಲಿಲ್ಲ. ಮಾರುಕಟ್ಟೆಯಲ್ಲಿ ಲಭ್ಯವಿರುವ, ಡಿಎನ್‌ಎ ಓದುವ ನ್ಯಾನೋರಂಧ್ರ ಯಂತ್ರಗಳ ಉದ್ದೇಶವೇ ಬೇರೆ. ಆದ್ದರಿಂದ ಈ ಹೆಸರಿನಲ್ಲಿ ಮರೆವಿನ ಕಾಯಿಲೆಯನ್ನು ಮುಂಚಿತವಾಗಿ ಖಚಿತಪಡಿಸುವುದಾಗಿ ಯಾರಾದರೂ ತಿಳಿಸಿದಲ್ಲಿ, ವೈದ್ಯರನ್ನು ವಿಚಾರಿಸದೆ ಹಣ ಪಾವತಿಸಬಾರದು. ಕುಟುಂಬದ ಹಿರಿಯರಲ್ಲಿ ಹೆಚ್ಚುತ್ತಿರುವ ಮರೆವು, ಕೈನಡುಕ ಅಥವಾ ನಡಿಗೆಯಲ್ಲಿ ನಿಧಾನ ಕಂಡುಬಂದಲ್ಲಿ, ವಯೋಸಹಜವೆಂದು ನಿರ್ಲಕ್ಷಿಸದೆ ನರರೋಗ ತಜ್ಞರಲ್ಲಿ ತಪಾಸಣೆ ಮಾಡಿಸಲು ಕೋರಲಾಗಿದೆ.